ಫ್ರೀಕ್ಯಾಡ್ 1.0ರಲ್ಲಿ ಕೀಲು ಜೋಡಿಸುವುದು

ಫ್ರೀಕ್ಯಾಡ್ ಎಂದರೆ ಮೂರು ಆಯಾಮದ ವಿನ್ಯಾಸ ಮಾಡುವ ಉಚಿತ ತಂತ್ರಾಂಶ. 2024ರ ನವೆಂಬರ್‌ನಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಅಸೆಂಬ್ಲಿ ವರ್ಕ್‌ಬೆಂಚ್ (ಬಿಡಿಭಾಗಗಳನ್ನು ಜೋಡಿಸುವ ಉಪಕರಣಗಳ ಗುಂಪು) ಒಳಗೇ ಇದೆ. ಆಡ್‌ಆನ್ ಹುಡುಕುವ ತಾಪತ್ರಯ ಇಲ್ಲ.

ಬಾಗಿಲ ಕೀಲನ್ನೇ ತೆಗೆದುಕೊಳ್ಳಿ. ಎರಡು ಪಟ್ಟಿ, ಒಂದು ಪಿನ್: ಮೂರನ್ನೂ ಬೇರೆ ಬೇರೆ ಫೈಲಾಗಿ ಮೊದಲು ಸೇವ್ ಮಾಡಿ. ಹೊಸ ಫೈಲಿನಲ್ಲಿ ಅಸೆಂಬ್ಲಿ ಸೃಷ್ಟಿಸಿ, ಒಂದೊಂದಾಗಿ ಸೇರಿಸಿ. ಚೌಕಟ್ಟಿಗೆ ಬಡಿಯುವ ಪಟ್ಟಿಯನ್ನು ಗ್ರೌಂಡ್ ಮಾಡಲೇಬೇಕು, ಅಂದರೆ ಅಲುಗದಂತೆ ನಿಲ್ಲಿಸಬೇಕು. ಎಲ್ಲರೂ ಮರೆಯುವುದು ಇದನ್ನೇ. ಆಧಾರವೇ ಇಲ್ಲದಿದ್ದರೆ ಯಾವುದಕ್ಕೆ ಹೋಲಿಸಿ ಉಳಿದದ್ದನ್ನು ಕೂರಿಸುವುದು?

ಪಿನ್ನನ್ನು ಗ್ರೌಂಡ್ ಮಾಡಿದ ಪಟ್ಟಿಗೆ ಫಿಕ್ಸೆಡ್ ಜಾಯಿಂಟಿನಿಂದ (ಅಲುಗಲು ಬಿಡದ ಜೋಡಣೆ) ಕಟ್ಟಿ. ಇನ್ನೊಂದು ಪಟ್ಟಿಗೆ ರೆವಲ್ಯೂಟ್ (ತಿರುಗಲು ಮಾತ್ರ ಬಿಡುವ ಜಾಯಿಂಟ್): ತೂತಿನ ವೃತ್ತಾಕಾರದ ಅಂಚು, ಪಿನ್ನಿನ ಅಂಚು, ಎರಡನ್ನೂ ಆರಿಸಿ. ಮುಖವನ್ನಲ್ಲ, ಅಂಚನ್ನು, ಆಗ ಕೇಂದ್ರಗಳು ಸರಿಯಾಗಿ ಕೂರುತ್ತವೆ. ಪಟ್ಟಿ ತಲೆಕೆಳಗಾದರೆ ದಿಕ್ಕು ತಿರುಗಿಸುವ ಬಟನ್ ಒತ್ತಿ. ಕೊನೆಗೆ ಮೌಸಿನಿಂದ ಎಳೆದು ನೋಡಿ: ತಿರುಗಬೇಕು, ಜಾರಬಾರದು. ಪಿನ್ನಿನುದ್ದಕ್ಕೆ ಜಾರುತ್ತಿದ್ದರೆ ನೀವು ಹಾಕಿದ್ದು ಸಿಲಿಂಡ್ರಿಕಲ್, ಅಂದರೆ ತಿರುಗಲೂ ಜಾರಲೂ ಬಿಡುವ ಜಾಯಿಂಟ್.