ಲೋಪೆಥ್ ದೆ ಆರೋ ಯಾರ ಮಗ? ಸ್ಪೇನಿಗೆ ಹೊಸದಾಗಿ ಬಂದವರಿಗೆ ಅಡ್ಡಹೆಸರಿನ ಪಾಠ

ಬಿಲ್ಬಾವೊಗೆ ಬಂದ ಮೊದಲ ತಿಂಗಳು. ಆರೋಗ್ಯ ಕೇಂದ್ರದಲ್ಲಿ ಸರದಿಗಾಗಿ ಕಾಯುತ್ತಿದ್ದೆ. ನರ್ಸ್ ಹೊರಗೆ ಬಂದು "ಸೆನ್ಯೋರ್ ಬಸವರಾಜ್!" ಎಂದು ಮೂರು ಸಲ ಕೂಗಿದರು. ನಾನು ಸುಮ್ನೆ ಕೂತೇ ಇದ್ದೆ. ಬಸವರಾಜ ಅಂದರೆ ನಮ್ಮಪ್ಪ. ಅವರು ಆ ಹೊತ್ತಿಗೆ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಇದ್ದಿರಬೇಕು. ನನ್ನ ಸರದಿ ಹೋಯಿತು. ಅರ್ಧ ಗಂಟೆ ಆದ ಮೇಲೆ ಹೋಗಿ ಕೇಳಿದಾಗ ಗೊತ್ತಾಯಿತು, ಈ ದೇಶದಲ್ಲಿ ಬಸವರಾಜ ನಾನೇ ಎಂದು.

ಇಲ್ಲಿ ಎಲ್ಲರಿಗೂ ಎರಡು ಅಡ್ಡಹೆಸರು. ಮೊದಲು ಸ್ವಂತ ಹೆಸರು, ಆಮೇಲೆ ಅಪ್ಪನ ಕಡೆಯದು, ಕೊನೆಗೆ ಅಮ್ಮನ ಕಡೆಯದು. ಕರೆಯುವುದು, ಪಟ್ಟಿಯಲ್ಲಿ ಹುಡುಕುವುದು ಎಲ್ಲ ಸಾಮಾನ್ಯವಾಗಿ ಮೊದಲನೆಯ ಅಡ್ಡಹೆಸರಿನಿಂದ. ಅಂದರೆ ಮೂರು ಪದಗಳ ಹೆಸರಿದ್ದರೆ ಇವರ ಕಣ್ಣು ನಡುವಿನ ಪದಕ್ಕೆ ಹೋಗುತ್ತದೆ. ನಮ್ಮ ಉತ್ತರ ಕರ್ನಾಟಕದವರಿಗೆ ನಡುವೆ ಇರುವುದು ಅಪ್ಪನ ಹೆಸರು. ಹಳೇ ಮೈಸೂರಿನವರ ಪಾಡು ಇನ್ನೂ ಚೆಂದ. ಎಚ್. ಡಿ. ದೇವೇಗೌಡರ ಪೂರ್ತಿ ಹೆಸರು ಹರದನಹಳ್ಳಿ ದೊಡ್ಡೇಗೌಡ ದೇವೇಗೌಡ, ಅಲ್ವಾ? ಅದನ್ನು ಇಲ್ಲಿನ ಗುಮಾಸ್ತರ ಕೈಗೆ ಕೊಟ್ಟರೆ ಊರು ಅವರ ಹೆಸರಾಗುತ್ತದೆ, ತಂದೆಯ ಹೆಸರಿನಿಂದ ಅವರನ್ನು ಕೂಗುತ್ತಾರೆ.

ಇದು ನನ್ನ ತಲೆಗೆ ಸರಿಯಾಗಿ ಹೋಗಿದ್ದು ಒಬ್ಬ ಸಹೋದ್ಯೋಗಿಯ ಹೆಸರಿನಿಂದ. ಅವರ ಅಡ್ಡಹೆಸರು ಲೋಪೆಥ್ ದೆ ಆರೋ. ನಮ್ಮ ಪತ್ರಿಕೆಗಳಲ್ಲಿ ಲೋಪೆಜ್ ಎಂದು ಬರುತ್ತದೆ. ಸ್ಪೇನಿನಲ್ಲಿ ಕೊನೆಯ ಅಕ್ಷರಕ್ಕೆ ನಾಲಿಗೆಯನ್ನು ಹಲ್ಲಿಗೆ ತಾಗಿಸಿ 'ಥ್' ಎನ್ನುತ್ತಾರೆ. 'ಹಾರೋ' ಎಂದು ಬರೆದರೂ 'ಹ' ಉಚ್ಚರಿಸುವುದಿಲ್ಲ. ನಾನು ಮೊದಲ ಇಮೇಲಿನಲ್ಲಿ 'ಸೆನ್ಯೋರ್ ಆರೋ' ಎಂದು ಬರೆದೆ. ಅವರು ನಕ್ಕು, "ಆರೋ ಊರು, ನಾನು ಲೋಪೆಥ್ ದೆ ಆರೋ. ಮೂರೂ ಪದ ಸೇರಿ ಒಂದು" ಎಂದರು.

ಬಿಡಿಸಿ ನೋಡಿದರೆ ಇದು ನಮಗೆ ಬಹಳ ಪರಿಚಿತ ಸಂಗತಿ. ಲೋಪೆ ಎಂಬುದು ಹಳೆಯ ಕಾಲದ ಗಂಡಸರ ಹೆಸರು. ಲ್ಯಾಟಿನ್ನಿನ 'ಲುಪುಸ್', ಅಂದರೆ ತೋಳ, ಅದರ ಮೂಲ. ಲೋಪೆಯ ಮಗ ಲೋಪೆಥ್. ರೊದ್ರೀಗೊನ ಮಗ ರೊದ್ರೀಗೆಥ್, ಸಾಂಚೊನ ಮಗ ಸಾಂಚೆಥ್, ದಿಯೆಗೊನ ಮಗ ದಿಯಾಥ್. 'ದೆ ಆರೋ' ಎಂದರೆ ಆರೋ ಊರಿನವನು. ಆರೋ ಇರುವುದು ಇಲ್ಲಿಂದ ದಕ್ಷಿಣಕ್ಕೆ, ಲಾ ರಿಯೋಹಾ ಸೀಮೆಯಲ್ಲಿ. ವೈನಿಗೆ ಹೆಸರಾದ ಊರು. ಜೂನ್ 29ಕ್ಕೆ ಅಲ್ಲಿ ಜನ ಒಬ್ಬರ ಮೇಲೊಬ್ಬರು ಕೆಂಪು ವೈನ್ ಎರಚಿಕೊಳ್ಳುತ್ತಾರೆ. ಹೋಗುವುದಾದರೆ ಹಳೇ ಬಿಳಿ ಅಂಗಿ ಹಾಕಿಕೊಂಡು ಹೋಗಿ, ಅದು ಆಮೇಲೆ ಉಪಯೋಗಕ್ಕೆ ಬರುವುದಿಲ್ಲ.

ಅಪ್ಪನ ಹೆಸರು, ಊರಿನ ಹೆಸರು. ನಮ್ಮ ಇನಿಷಿಯಲ್ಲುಗಳಲ್ಲಿ ಇರುವುದೂ ಇವೇ ಎರಡು.

ಆರೋ ಮನೆತನದವರು 12ನೇ ಶತಮಾನದಿಂದ ಈ ಹೆಸರಿನಲ್ಲಿ, ಈಗ ಬಿಲ್ಬಾವೊ ಇರುವ ಬಿಸ್ಕಾಯ ಸೀಮೆ ಆಳಿದವರು. ಅವರ ವಂಶಾವಳಿ ಓದಲು ಮಜಾ ಇದೆ. ದಿಯೆಗೊ ಲೋಪೆಥ್‌ನ ಮಗ ಲೋಪೆ ದಿಯಾಥ್. ಅವನ ಮಗ ಮತ್ತೆ ದಿಯೆಗೊ ಲೋಪೆಥ್. ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದು ಅಲ್ಲೂ ಇತ್ತು. ಆಗ ಲೋಪೆಥ್ ಎಂಬುದು ಮನೆತನದ ಹೆಸರಾಗಿರಲಿಲ್ಲ. ನಿಜವಾಗಿ ಅಪ್ಪನ ಹೆಸರೇ ಆಗಿತ್ತು, ತಲೆಮಾರಿಗೆ ಒಮ್ಮೆ ಬದಲಾಗುತ್ತಿತ್ತು. ಬರುಬರುತ್ತಾ ಅದು ಹೆಪ್ಪುಗಟ್ಟಿತು. ಅಪ್ಪನ ಹೆಸರು ಲೋಪೆ ಅಲ್ಲದಿದ್ದರೂ ಮಗ ಲೋಪೆಥ್ ಆಗಿಯೇ ಉಳಿದ. ಇದೇ ಮನೆತನದ ಐದನೆಯ ದಿಯೆಗೊ ಲೋಪೆಥ್ 1300ರಲ್ಲಿ ಬಿಲ್ಬಾವೊ ಪಟ್ಟಣವನ್ನು ಸ್ಥಾಪಿಸಿದ. ಊರಿನ ದೊಡ್ಡ ಬೀದಿ ಗ್ರಾನ್ ವೀಯಾದ ಪೂರ್ತಿ ಹೆಸರಿನಲ್ಲಿ ಅವನಿದ್ದಾನೆ. ಅಬಾಂದೊ ರೈಲು ನಿಲ್ದಾಣದ ಹತ್ತಿರ, ಪ್ಲಾಥಾ ಥಿರ್ಕುಲಾರ್‌ನಲ್ಲಿ ಎತ್ತರದ ಕಂಬದ ಮೇಲೆ ನಿಂತೂ ಇದ್ದಾನೆ. ಯಾರನ್ನಾದರೂ ಭೇಟಿಯಾಗಬೇಕಾದರೆ ಅವನ ಕೆಳಗೆ ನಿಂತರೆ ಸಾಕು. ಅವನನ್ನು ದೋನ್ ದಿಯೆಗೊ ಎನ್ನುತ್ತಾರೆ. ದೋನ್ ಸೇರುವುದು ಸ್ವಂತ ಹೆಸರಿಗೆ, ಸೆನ್ಯೋರ್ ಸೇರುವುದು ಅಡ್ಡಹೆಸರಿಗೆ. ಪತ್ರ ಬರೆಯುವಾಗ ಇದನ್ನು ತಿರುಗಾಮುರುಗಾ ಮಾಡಬೇಡಿ.

'ದೆ' ಕಂಡರೆ ರಾಜವಂಶ ಎಂದುಕೊಳ್ಳಬೇಡಿ. ಪಕ್ಕದ ಆಲಾವಾ ಪ್ರಾಂತ್ಯದಲ್ಲಿ ಒರ್ತೀಥ್ ದೆ ಥಾರಾತೆಯಂಥ ಹೆಸರುಗಳು ರೈತರಿಗೂ ಇವೆ, ಬಸ್ ಚಾಲಕರಿಗೂ ಇವೆ. ಅಪ್ಪನ ಹೆಸರಿಗೆ ಹಳ್ಳಿಯ ಹೆಸರು ಅಂಟಿಸಿ ಹಾಗೇ ಉಳಿಸಿಕೊಂಡವರು ಅವರು.

ಬರೀ ಲೋಪೆಥ್ ಮಾತ್ರ ಬೀದಿಗೊಬ್ಬರು. ದೇಶದಲ್ಲಿ ಅತಿ ಸಾಮಾನ್ಯ ಅಡ್ಡಹೆಸರುಗಳಲ್ಲಿ ಅದು ಐದನೆಯದು, 8 ಲಕ್ಷಕ್ಕೂ ಜಾಸ್ತಿ ಜನರಿಗೆ ಮೊದಲ ಅಡ್ಡಹೆಸರು. ಮೊದಲ ಸ್ಥಾನ ಗಾರ್ಥೀಯಾದ್ದು, ಸುಮಾರು 14 ಲಕ್ಷ. ಲೋಪೆಥ್ ದೆ ಆರೋ ಅದಕ್ಕೆ ಹೋಲಿಸಿದರೆ ತೀರಾ ಅಪರೂಪ. ಸ್ಪೇನಿನ ಅಂಕಿಅಂಶ ಸಂಸ್ಥೆಯ ಜಾಲತಾಣದಲ್ಲಿ ಯಾವುದೇ ಅಡ್ಡಹೆಸರು ಹಾಕಿದರೆ ಎಷ್ಟು ಜನಕ್ಕಿದೆ, ಯಾವ ಪ್ರಾಂತ್ಯದಲ್ಲಿ ಜಾಸ್ತಿ ಎಂದು ತೋರಿಸುತ್ತದೆ. ಪಾಟೀಲ ಹಾಕಿ ನೋಡಿ, ಹೊತ್ತು ಹೋಗುತ್ತದೆ.

ತೀರಾ ಸಾಮಾನ್ಯವಾದ ಹೆಸರು ಇದ್ದವರನ್ನು ಎರಡನೆಯದರಿಂದ ಕರೆಯುವುದೂ ಉಂಟು. 2004ರಿಂದ 2011ರವರೆಗೆ ಪ್ರಧಾನಿಯಾಗಿದ್ದ ಹೊಸೆ ಲೂಯಿಸ್ ರೊದ್ರೀಗೆಥ್ ಥಪತೇರೊ ಎಲ್ಲರಿಗೂ ಥಪತೇರೊ. ಪಿಕಾಸೊ ಎಂಬುದೂ ಆ ಚಿತ್ರಕಾರನ ತಾಯಿ ಕಡೆಯ ಹೆಸರೇ. ತಂದೆಯದು ರುಯಿಥ್. ಇನ್ನು ಕೆಲವರು ನಡುವೆ ಅಡ್ಡಗೆರೆ ಹಾಕಿ ಎರಡನ್ನು ಒಂದು ಮಾಡಿಕೊಂಡಿರುತ್ತಾರೆ. ಪ್ರಧಾನಿಯಾದ ಪೆದ್ರೊ ಸಾಂಚೆಥ್ ಅವರ ಎರಡನೆಯ ಅಡ್ಡಹೆಸರು ಪೆರೆಥ್-ಕಾಸ್ತೆಹೋನ್. ಅದು ಪೂರ್ತಿ ತಾಯಿಯದು. ಅಡ್ಡಗೆರೆ ಕಂಡರೆ ಒಂದೇ ಹೆಸರು ಎಂದು ಲೆಕ್ಕ.

ಈಗ ನಿಮ್ಮ ಕಾಗದಪತ್ರಕ್ಕೆ ಬರೋಣ. ಇಲ್ಲಿನ ಅರ್ಜಿಗಳಲ್ಲಿ ಮೂರು ಖಾನೆ: ನೋಂಬ್ರೆ (ಸ್ವಂತ ಹೆಸರು), ಪ್ರಿಮೇರ್ ಅಪೆಯೀದೊ (ಮೊದಲ ಅಡ್ಡಹೆಸರು), ಸೆಗುಂದೊ ಅಪೆಯೀದೊ (ಎರಡನೆಯ ಅಡ್ಡಹೆಸರು). ನಿಮ್ಮ ಪಾಸ್‌ಪೋರ್ಟಿನಲ್ಲಿ 'ಸರ್‌ನೇಮ್' ಖಾನೆಯಲ್ಲಿ ಏನಿದೆಯೋ ಅದೇ ಪ್ರಿಮೇರ್ ಅಪೆಯೀದೊ. 'ಗಿವನ್ ನೇಮ್' ಖಾನೆಯಲ್ಲಿ ಅಪ್ಪನ ಹೆಸರು ಸೇರಿದ್ದರೂ ಅಷ್ಟೂ ನೋಂಬ್ರೆ. ಪಾಸ್‌ಪೋರ್ಟ್ ನೋಡಿ ಬರೆದವರು ಹೀಗೇ ಬರೆಯುತ್ತಾರೆ. ಬಾಯಲ್ಲಿ ಕೇಳಿ ಬರೆದವರು ಅಪ್ಪನನ್ನು ಅಪೆಯೀದೊ ಮಾಡುತ್ತಾರೆ. ಆಗ ವಿದೇಶಿಯರ ಗುರುತಿನ ಚೀಟಿಯಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು. ಪ್ರತಿ ಕೌಂಟರಿನಲ್ಲಿ ಪಾಸ್‌ಪೋರ್ಟ್ ಮುಂದಿಡಿ, ಪರದೆಯಲ್ಲಿ ಬಂದದ್ದನ್ನು ಓದಿ ಹೇಳಲು ಕೇಳಿ. ಪುರಸಭೆಯಲ್ಲಿ ವಿಳಾಸ ನೋಂದಾಯಿಸುವ ದಿನವಂತೂ ತಪ್ಪದೆ ಕೇಳಿ, ಯಾಕೆಂದರೆ ಆ ಕಾಗದ ಎಲ್ಲ ಕಡೆ ಬೇಕಾಗುತ್ತದೆ. ಸೆಗುಂದೊ ಖಾನೆ ಖಾಲಿ ಬಿಡಿ. "ಏನಾದರೂ ಹಾಕಿ" ಎಂದರೆಂದು ಊರಿನ ಹೆಸರು ತುಂಬಬೇಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾನೆಯೇ ಖಾಲಿ ಇರುವವರು, ಇನ್ನೂ ಊರಲ್ಲೇ ಇದ್ದರೆ, ಹೊರಡುವ ಮುಂಚೆ ಸರಿ ಮಾಡಿಸಿಕೊಂಡು ಬನ್ನಿ.

ಇಲ್ಲಿನ ಹೆಂಗಸರು ಮದುವೆಯಾದ ಮೇಲೆ ಹೆಸರು ಬದಲಿಸುವುದಿಲ್ಲ. ನಿಮ್ಮ ಗಂಡ ಹೆಂಡತಿ ಇಬ್ಬರ ಹೆಸರಿನ ಬಾಲ ಒಂದೇ ಆಗಿದ್ದರೆ "ಅಣ್ಣ ತಂಗಿಯಾ?" ಎಂದು ಕೇಳಬಹುದು. ನಮ್ಮನ್ನು ಮನೆ ಮಾಲೀಕರೇ ಕೇಳಿದ್ದರು. ಬೇಜಾರು ಮಾಡಿಕೊಳ್ಳಬೇಡಿ, ಮದುವೆಯ ಪ್ರಮಾಣಪತ್ರ ಕೈಯಲ್ಲಿರಲಿ. ಮಕ್ಕಳಿಗೆ ಯಾರ ಅಡ್ಡಹೆಸರು ಮೊದಲು ಬರಬೇಕು ಎಂಬುದನ್ನು ಈಗ ಇಲ್ಲಿನ ತಂದೆ ತಾಯಿ ಕೂತು ತೀರ್ಮಾನಿಸುತ್ತಾರೆ. ಅಪ್ಪನದೇ ತಾನಾಗಿ ಮೊದಲು ಎಂಬ ನಿಯಮ 2017ರಲ್ಲಿ ಹೋಯಿತು. ಮೊದಲ ಮಗುವಿಗೆ ಇಟ್ಟ ಕ್ರಮವೇ ಉಳಿದ ಮಕ್ಕಳಿಗೂ.

ಮುಂದೆ ಸ್ಪೇನಿನ ಪೌರತ್ವ ಪಡೆಯುವ ಯೋಚನೆ ಇದ್ದರೆ ಇನ್ನೊಂದು ಮಾತು. ನಮಗೆ ಸಾಮಾನ್ಯವಾಗಿ 10 ವರ್ಷದ ವಾಸ ಬೇಕು, ಭಾರತದ ಪೌರತ್ವ ಬಿಡಬೇಕು. ಆಗ ಎರಡನೆಯ ಅಡ್ಡಹೆಸರು ಕೇಳುತ್ತಾರೆ, ಅದೂ ಅಮ್ಮನ ತವರಿನದು. ನಮ್ಮ ಜನನ ಪ್ರಮಾಣಪತ್ರದಲ್ಲಿ ಎಷ್ಟೋ ಸಲ ಅಮ್ಮನ ಬರೀ ಹೆಸರು ಇರುತ್ತದೆ, ಇಲ್ಲವೇ ಗಂಡನ ಮನೆಯ ಹೆಸರು. ರಜೆಗೆ ಊರಿಗೆ ಹೋದಾಗ ಅಮ್ಮನ ಶಾಲೆಯ ದಾಖಲೆ ಹುಡುಕಿಡಿ. ನಾನು ಹೋಗಿ ಕೇಳಿದಾಗ ನಮ್ಮಮ್ಮ, "ನನ್ನ ತವರಿನ ಹೆಸರು ನಿನಗ್ಯಾಕೋ ಈಗ?" ಎಂದರು. ಹೇಳಿದ ಮೇಲೆ ಟ್ರಂಕಿನ ತಳದಿಂದ ತಾವೇ ತೆಗೆದುಕೊಟ್ಟರು.