ಲೂಕಿಯುಸ್‌ನನ್ನು ತಪ್ಪಿಲ್ಲದೆ ಕರೆಯುವುದು ಹೇಗೆ

ಲ್ಯಾಟಿನ್ ಕಲಿಯತೊಡಗಿದ ಹೊಸತರಲ್ಲಿ ಅಭ್ಯಾಸಕ್ಕೆಂದು ಲೂಕಿಯುಸ್ ಎಂಬ ರೋಮನ್ ಹೆಸರಿನವನಿಗೆ ಒಂದು ಪತ್ರ ಬರೆದೆ. 'ಲೂಕಿಯೆ' ಎಂದು ಕರೆದು ಶುರುಮಾಡಿದ್ದೆ. ಮೇಷ್ಟರು ಆ ಮೊದಲ ಪದಕ್ಕೇ ಕೆಂಪು ಗೀಟು ಎಳೆದರು. ಮಾರ್ಕುಸ್‌ನನ್ನು 'ಮಾರ್ಕೆ' ಎಂದು ಕರೆಯುವುದು ಸರಿ. ಆದರೆ '-ಇಯುಸ್' ಎಂದು ಮುಗಿಯುವ ಹೆಸರುಗಳ ಸಂಬೋಧನೆ ಬೇರೆ: 'ಲೂಕೀ'. ಅಷ್ಟೇ, ಮೊಟಕು.

ಮೊದಲು ಉಚ್ಚಾರ. ಪ್ರಾಚೀನ ಲ್ಯಾಟಿನ್ನಿನಲ್ಲಿ 'ಸಿ' ಅಕ್ಷರ ಯಾವಾಗಲೂ ಕಕಾರ. 'ಲೂಸಿಯಸ್' ನಮಗೆ ಇಂಗ್ಲಿಷಿನ ದಾರಿಯಲ್ಲಿ ಬಂದದ್ದು. ಮೂಲ 'ಲೂಕ್ಸ್', ಅಂದರೆ ಬೆಳಕು. ಬೆಳಕು ಹರಿಯುವಾಗ ಹುಟ್ಟಿದವನು ಲೂಕಿಯುಸ್ ಎಂದು ರೋಮ್‌ನ ವಿದ್ವಾಂಸ ವಾರೊ ವಿವರಿಸುತ್ತಾನೆ. ಬೆಳಗು, ಬೆಳಕು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಹೆಸರು ನೋಡಿ ಹುಟ್ಟಿದ ಹೊತ್ತು ಊಹಿಸಬೇಡಿ. ಅಪ್ಪನ ಹೆಸರನ್ನೇ ಮಗನಿಗೂ ಇಡುವುದು ಅಲ್ಲಿ ಸಾಮಾನ್ಯವಾಗಿತ್ತು.

ಇನ್ನು ವಿಭಕ್ತಿ. ದ್ವಿತೀಯೆಗೆ 'ಲೂಕಿಯುಮ್', ಚತುರ್ಥಿಗೂ ಪಂಚಮಿಗೂ 'ಲೂಕಿಯೋ'. ಷಷ್ಠಿ ಮತ್ತೆ 'ಲೂಕೀ', ಸಂಬೋಧನೆಯಂತೆಯೇ. 'ಲೂಕಿಯೀ' ಎಂಬ ರೂಪ ಬಳಕೆಗೆ ಬಂದದ್ದು ಆಮೇಲೆ. ಈ ಷಷ್ಠಿ ಗೊತ್ತಿದ್ದರೆ ಶಾಸನ ಓದಬಹುದು. ರೋಮ್‌ನ ಪ್ಯಾಂಥಿಯನ್ ದೇವಾಲಯದ ಮುಂಭಾಗದಲ್ಲಿ, ಅದನ್ನು ಮೊದಲು ಕಟ್ಟಿಸಿದ ಅಗ್ರಿಪ್ಪನ ಹೆಸರಿನ ಪಕ್ಕ 'ಎಲ್', 'ಎಫ್' ಎಂಬ ಎರಡೇ ಅಕ್ಷರಗಳಿವೆ. ಓದುವಾಗ 'ಲೂಕೀ ಫೀಲಿಯುಸ್' ಎಂದು ಬಿಡಿಸಿಕೊಳ್ಳಬೇಕು: ಲೂಕಿಯುಸ್‌ನ ಮಗ. ಕಲ್ಲು ಕೊರೆದವನು ವಿಭಕ್ತಿಯನ್ನು ನಮ್ಮ ಪಾಲಿಗೆ ಬಿಟ್ಟಿದ್ದಾನೆ. (ಈಗ ನಿಂತಿರುವ ಕಟ್ಟಡ ಆಮೇಲಿನ ಚಕ್ರವರ್ತಿ ಹೇಡ್ರಿಯನ್ ಕಾಲದ್ದು; ಹೆಸರು ಮಾತ್ರ ಅಗ್ರಿಪ್ಪನದೇ ಉಳಿಯಿತು.)

ಕನ್ನಡದ ಕಿವಿ ನಿಜವಾಗಿ ಮೋಸಹೋಗುವುದು ಪೂರ್ತಿ ಹೆಸರಿನಲ್ಲಿ. 'ಲೂಕಿಯುಸ್ ಕೊರ್ನೇಲಿಯುಸ್ ಸುಲ್ಲನಿಗೆ' ಎನ್ನುವಾಗ ನಾವು ಪ್ರತ್ಯಯವನ್ನು ಕೊನೆಯ ಪದಕ್ಕೊಂದೇ ಹಚ್ಚಿ ಕೈತೊಳೆದುಕೊಳ್ಳುತ್ತೇವೆ. ಲ್ಯಾಟಿನ್ ಹಾಗೆ ಬಿಡುವುದಿಲ್ಲ, ಮೂರೂ ಬದಲಾಗಬೇಕು: 'ಲೂಕಿಯೋ ಕೊರ್ನೇಲಿಯೋ ಸುಲ್ಲೈ'. ಮೂರನೆಯದು ಪ್ರಾಸಕ್ಕೆ ಕೂಡಲಿಲ್ಲವೆಂದು ತಿದ್ದಲು ಹೋಗಬೇಡಿ. ಸುಲ್ಲಾ ಗಂಡಸಾದರೂ ಹೆಸರು 'ಆ' ಎಂದು ಮುಗಿಯುವ ಗುಂಪಿನದು. ಅದರ ಚತುರ್ಥಿ 'ಐ'. ವಿಭಕ್ತಿ ಹೊಂದಬೇಕೇ ಹೊರತು ಪ್ರತ್ಯಯದ ಸದ್ದಲ್ಲ.

ನಾನು ಈಗಲೂ ಹೆಸರಿನ ಮೂರು ಪ್ರಕೃತಿಗಳನ್ನು ಪೆನ್ನಿನಲ್ಲಿ ಬರೆದು, ಪ್ರತ್ಯಯಗಳನ್ನು ಪೆನ್ಸಿಲಿನಲ್ಲಿ ತುಂಬುತ್ತೇನೆ. ನೀವೂ ಇದೇ ಹೆಸರನ್ನು ದ್ವಿತೀಯೆಯಲ್ಲಿ ಬರೆದು ನೋಡಿ. 'ಲೂಕಿಯುಮ್ ಕೊರ್ನೇಲಿಯುಮ್ ಸುಲ್ಲಮ್' ಎಂದು ಬಂದರೆ ಪೆನ್ಸಿಲ್ ಅಳಿಸುವ ಕೆಲಸವಿಲ್ಲ.