ಹೊಸ ಪ್ರೊಸೆಸರ್ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಡುತ್ತಿದೆಯಾ?

ಹೊಸ ಪ್ರೊಸೆಸರ್ ಕೂರಿಸಿದ ದಿನ ಸಂಜೆ ಒಂದು ಗಂಟೆ ಸ್ಟ್ರೆಸ್ ಟೆಸ್ಟ್ (ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡುವ ಪರೀಕ್ಷೆ) ಓಡಿಸಿದೆ. ಅದರೊಳಗೆ ಲೆಕ್ಕ ಮಾಡುವ 8 ಕೋರೂ ನೂರಕ್ಕೆ ನೂರು ದುಡಿದವು. ಬಿಸಿ 78 ಡಿಗ್ರಿ ದಾಟಲಿಲ್ಲ. ಖುಷಿಯಾಗಿ ಮಲಗಿದೆ. ಮರುದಿನ ಬೆಳಗ್ಗೆ ಮೇಲ್ ಓದುತ್ತಾ ಕೂತಿದ್ದಾಗ ಪರದೆ ಕಪ್ಪಾಯಿತು. ಕೈ ಮೌಸ್ ಮೇಲೂ ಇರಲಿಲ್ಲ. ಎರಡು ಸೆಕೆಂಡಿಗೆ ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಯಿತು, ಏನೂ ಆಗೇ ಇಲ್ಲ ಅನ್ನುವ ಹಾಗೆ.

ಮುಂದಿನ ಐದು ದಿನ ನಾನು ಮಾಡಿದ್ದೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಕೆಲಸ. ಗ್ರಾಫಿಕ್ಸ್ ಡ್ರೈವರ್ ಬದಲಿಸಿದೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ, ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ಹೊಸ ಪವರ್ ಸಪ್ಲೈ ಕೊಳ್ಳಲು ಹೊರಟಿದ್ದೆ. ಆಗ ಮಗಳು, "ಅಪ್ಪ, ನಾನು ಗೇಮ್ ಆಡುವಾಗ ಒಂದ್ಸಲಾನೂ ಆಫ್ ಆಗಿಲ್ಲ. ನೀನು ಸುಮ್ನೆ ಕೂತಾಗಲೇ ಯಾಕೆ ಆಗುತ್ತೆ?" ಅಂದಳು.

ಅಲ್ಲಿಂದ ಶುರು ಮಾಡಬೇಕಿತ್ತು ನಾನು. ಯಾವ ಭಾಗ ಕೆಟ್ಟಿದೆ ಅಂತ ಹುಡುಕುವ ಮೊದಲು, ಯಾವಾಗ ಕೆಡುತ್ತದೆ ಅಂತ ಬರೆದಿಡಿ. ಒಂದು ನೋಟ್‌ಬುಕ್ ಸಾಕು. ಸಮಯ, ಆಗ ಏನು ಮಾಡುತ್ತಿದ್ದಿರಿ, ಕಂಪ್ಯೂಟರ್ ಹೇಗೆ ಬಿತ್ತು (ಅಂದರೆ ಕೈಕೊಟ್ಟಿತು), ಹಿಂದಿನ ಸಲ ಬಿದ್ದ ಮೇಲೆ ಏನು ಬದಲಿಸಿದ್ದಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದರಿಂದ ಸರಿಹೋಯಿತು ಅಂತ ನಿಮಗೆ ಯಾವತ್ತೂ ಗೊತ್ತಾಗುವುದಿಲ್ಲ.

"ಹೇಗೆ ಬಿತ್ತು" ಅನ್ನುವ ಕಾಲಂ ತುಂಬಾ ಹೇಳುತ್ತದೆ. ಭಾರಿ ಕೆಲಸ ನಡೆಯುವಾಗ ಕರೆಂಟ್ ಹೋದ ಹಾಗೆ ಪೂರ್ತಿ ಆರಿಹೋದರೆ ಪವರ್ ಸಪ್ಲೈ, ಇಲ್ಲವೇ ಮಿತಿಮೀರಿದ ಬಿಸಿ. ನೀಲಿ ಪರದೆ ಬಂದು ಅದರಲ್ಲಿನ ಕೋಡ್ ಪ್ರತಿ ಸಲವೂ ಬೇರೆ ಬೇರೆ ಇದ್ದರೆ ಮೊದಲ ಅನುಮಾನ ರ‍್ಯಾಮ್ ಮೇಲೆ. "ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್" ಅಂತ ಬಂದರೆ ಯಾವುದೋ ಒಂದು ಕೋರ್ ಕರೆದರೂ ಓಗೊಡಲಿಲ್ಲ ಅಂತ ಅರ್ಥ. ವೋಲ್ಟೇಜ್ ಮತ್ತು ಬಯೋಸ್ (ವಿಂಡೋಸಿಗಿಂತ ಮೊದಲು ಓಡುವ, ಮದರ್‌ಬೋರ್ಡಿನೊಳಗಿನ ಸಾಫ್ಟ್‌ವೇರ್) ಕಡೆ ನೋಡಿ. ನನ್ನ ಹಾಗೆ ಏನೂ ಕೆಲಸ ಇಲ್ಲದಾಗ ಬಿದ್ದರೆ ಅದೂ ಬಹುತೇಕ ವೋಲ್ಟೇಜ್ ಕಥೆಯೇ.

ಇನ್ನು ವಿಂಡೋಸಿನ ಈವೆಂಟ್ ವ್ಯೂವರ್ ತೆರೆಯಿರಿ. ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್ 41 ಅನ್ನುವ ನಮೂದು ಕೆಂಪಗೆ ಕಾಣುತ್ತದೆ. ಅದನ್ನು ನೋಡಿಯೇ ಎಷ್ಟೋ ಜನ ಪವರ್ ಸಪ್ಲೈ ಬದಲಿಸುತ್ತಾರೆ. ಹಿಂದಿನ ಸಲ ಕಂಪ್ಯೂಟರ್ ಸರಿಯಾಗಿ ಆಫ್ ಆಗಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಹೆಣ ಸಿಕ್ಕಿತು ಅನ್ನುತ್ತದೆ, ಕೊಂದವರು ಯಾರು ಅನ್ನುವುದಿಲ್ಲ. ಹುಡುಕಬೇಕಾದದ್ದು ಅದರ ಆಸುಪಾಸಿನಲ್ಲಿರುವ ಡಬ್ಲ್ಯುಎಚ್‌ಇಎ-ಲಾಗರ್ ನಮೂದನ್ನು. ಹಾರ್ಡ್‌ವೇರೇ ತಪ್ಪು ವರದಿ ಮಾಡಿದಾಗ ಇದು ಬರುತ್ತದೆ. ಅದರ ಈವೆಂಟ್ ಐಡಿ 18 ಅಂದರೆ ಸರಿಪಡಿಸಲಾಗದ ತಪ್ಪು, 19 ಅಂದರೆ ತಾನೇ ಸರಿಪಡಿಸಿಕೊಂಡ ತಪ್ಪು. 19 ಸಾಲುಸಾಲಾಗಿ ಬರುತ್ತಿದ್ದರೆ ಕಂಪ್ಯೂಟರ್ ಓಡುತ್ತಿದೆ ಅಂತ ಸುಮ್ಮನಿರಬೇಡಿ.

18ರ ವಿವರ ತೆರೆದರೆ ಕೊನೆಯಲ್ಲಿ ಪ್ರೊಸೆಸರ್ ಎಪಿಕ್ ಐಡಿ ಅಂತ, ತಪ್ಪು ಯಾವ ಥ್ರೆಡ್ಡಿನಲ್ಲಿ (ಕೋರಿನ ಕೆಲಸದ ಎಳೆಯಲ್ಲಿ) ಕಂಡಿತು ಅಂತ ಹೇಳುವ ಒಂದು ಅಂಕಿ ಇರುತ್ತದೆ. ನನ್ನದರಲ್ಲಿ ಹೆಚ್ಚಿನ ಸಲ 4 ಅಥವಾ 5 ಇತ್ತು, ಎರಡೂ ಒಂದೇ ಕೋರಿನ ಎರಡು ಥ್ರೆಡ್. ಹಾಗಂತ ಆ ಕೋರ್ ಸತ್ತಿದೆ ಅಂತ ತೀರ್ಮಾನಿಸಬೇಡಿ. ಎಲ್ಲ ಕೋರಿಗೂ ವೋಲ್ಟೇಜ್ ಕಡಿಮೆ ಬಿದ್ದಾಗ ಮೊದಲು ಸೋಲುವುದು ಬಲ ಕಡಿಮೆ ಇರುವ ಕೋರ್. ಅಂದಹಾಗೆ, ವಿಂಡೋಸ್ ಅಳಿಸಿ ಹಾಕಿದ್ದರಿಂದ ಅದಕ್ಕೂ ಮೊದಲಿನ ಲಾಗ್ ಎಲ್ಲ ನನ್ನ ಕೈಯಾರೆ ಹೋಗಿತ್ತು!

ಆಮೇಲೆ ಬಯೋಸ್. ಬೋರ್ಡ್ ತಯಾರಿಸಿದ ಕಂಪನಿಯ ಪಟ್ಟಿಯಲ್ಲಿ ನಿಮ್ಮ ಪ್ರೊಸೆಸರಿಗೆ ಯಾವ ಬಯೋಸ್ ಆವೃತ್ತಿ ಬೇಕು ಅಂತ ಇರುತ್ತದೆ. ಕಂಪ್ಯೂಟರ್ ಆನ್ ಆಯಿತು ಅಂದ ಮಾತ್ರಕ್ಕೆ ಬಯೋಸ್ ಸರಿಯಿದೆ ಅಂತಲ್ಲ. ಸಾಧ್ಯವಾದರೆ ಹಳೆಯ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮಾಡಿಕೊಳ್ಳಿ. ಆಮೇಲೆ ಎಲ್ಲವನ್ನೂ ಡೀಫಾಲ್ಟಿಗೆ ತನ್ನಿ. ಬಯೋಸಿಗೇ ಹೋಗಲಾಗದಿದ್ದರೆ ವೈರ್ ಕಿತ್ತು, ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ಲನ್ನು ಕೆಲವು ನಿಮಿಷ ತೆಗೆದಿಡಿ.

ಇದಕ್ಕೆಲ್ಲ ಕೈ ಹಾಕುವ ಮೊದಲು ಒಂದು ಮಾತು. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸಿನ ಬೀಗ) ಹಾಕಿದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಎಎಂಡಿ ಪ್ರೊಸೆಸರ್ ಬದಲಿಸಿದಾಗ ಎಷ್ಟೋ ಬೋರ್ಡುಗಳು ಮೊದಲ ಸಲ ಆನ್ ಆದಾಗ ಕಪ್ಪು ಪರದೆಯಲ್ಲಿ ಎಫ್‌ಟಿಪಿಎಂ (ಆ ಬೀಗದ ಕೀಗಳನ್ನು ಕಾಯುವ ವ್ಯವಸ್ಥೆ) ಬಗ್ಗೆ ಕೇಳುತ್ತವೆ: ವೈ ಒತ್ತಿದರೆ ಹಳೆಯ ದಾಖಲೆ ಅಳಿಯುತ್ತದೆ, ಎನ್ ಒತ್ತಿದರೆ ಉಳಿಯುತ್ತದೆ. ಕೀ ಇಲ್ಲದೆ ವೈ ಒತ್ತಿದರೆ ನಿಮ್ಮ ಡಿಸ್ಕ್ ನಿಮಗೇ ತೆರೆಯುವುದಿಲ್ಲ.

ನನ್ನ ತಪ್ಪು ಸಿಕ್ಕಿದ್ದು ಬಯೋಸಿನಲ್ಲೇ. ಅದಕ್ಕೆ ಕಾರಣ ಒಂದು ಚೀಟಿ. ಎರಡು ವರ್ಷದ ಹಿಂದೆ, ಫ್ಯಾನ್ ಸದ್ದು ತಗ್ಗಲಿ ಅಂತ 6 ಕೋರಿನ ಹಳೆಯ ಪ್ರೊಸೆಸರಿಗೆ ವೋಲ್ಟೇಜ್ ಆಫ್‌ಸೆಟ್ ಮೈನಸ್ 0.1 ವೋಲ್ಟ್ ಕೊಟ್ಟಿದ್ದೆ, ಅಂದರೆ ಮಾಮೂಲಿ ವೋಲ್ಟೇಜಿನಲ್ಲಿ ಅಷ್ಟು ಕಡಿತ. ಆ ಸೆಟ್ಟಿಂಗ್ ಎಲ್ಲ ಒಂದು ಚೀಟಿಯಲ್ಲಿ ಬರೆದು ಕೇಸಿನ ಒಳಬದಿಗೆ ಅಂಟಿಸಿದ್ದೆ. ಹೊಸ ಪ್ರೊಸೆಸರ್ ಹಾಕಿದ ದಿನ ಆ ಚೀಟಿ ನೋಡಿಕೊಂಡು, ಬುದ್ಧಿವಂತನ ಹಾಗೆ, ಒಂದೂ ಬಿಡದೆ ಮತ್ತೆ ತುಂಬಿದ್ದೆ. ಹಳೆಯ ಚಿಪ್ ಅಷ್ಟು ಕಡಿತ ತಡೆದುಕೊಂಡಿತ್ತು. ಹೊಸದು ತಡೆಯಲಿಲ್ಲ.

ಹಾಗಾದರೆ ಸ್ಟ್ರೆಸ್ ಟೆಸ್ಟ್ ಹೇಗೆ ಪಾಸಾಯಿತು? ಎಲ್ಲ ಕೋರೂ ಒಟ್ಟಿಗೆ ದುಡಿಯುವಾಗ ಪ್ರೊಸೆಸರ್ ವೇಗವನ್ನು ಸ್ವಲ್ಪ ಇಳಿಸಿಕೊಂಡಿರುತ್ತದೆ. ನೀವು ಸುಮ್ನೆ ಮೇಲ್ ಓದುವಾಗ ಯಾವುದೋ ಚಿಕ್ಕ ಕೆಲಸಕ್ಕೆ ಒಂದೇ ಒಂದು ಕೋರ್ ಕಣ್ಣುಮಿಟುಕಿಸುವಷ್ಟು ಹೊತ್ತು ತನ್ನ ಗರಿಷ್ಠ ವೇಗಕ್ಕೆ ಹಾರುತ್ತದೆ. ವೋಲ್ಟೇಜ್ ಜಾಸ್ತಿ ಬೇಕಾಗುವುದು ಆಗಲೇ. ಆ ಹೊತ್ತಿಗೆ ಸರಿಯಾಗಿ ಮೈನಸ್ 0.1 ಕತ್ತರಿ ಹಾಕುತ್ತಿತ್ತು. ಹಾಗಾಗಿ ಎಲ್ಲ ಕೋರನ್ನೂ ದುಡಿಸುವ ಟೆಸ್ಟ್ ಒಂದನ್ನೇ ನಂಬಬೇಡಿ. ಕೋರ್‌ಸೈಕ್ಲರ್ ಅನ್ನುವ ಉಚಿತ ಸಾಧನ ಒಂದೊಂದೇ ಕೋರನ್ನು ಸರದಿಯಲ್ಲಿ ದುಡಿಸುತ್ತದೆ. ಮೈನಸ್ 0.1 ಇದ್ದಾಗಲೇ ಅದನ್ನು ಓಡಿಸಿದೆ, 20 ನಿಮಿಷದಲ್ಲಿ ಬಿತ್ತು. ಆಫ್‌ಸೆಟ್ ತೆಗೆದು ರಾತ್ರಿಯಿಡೀ ಓಡಿಸಿದೆ, ಏನೂ ಆಗಲಿಲ್ಲ.

ನೀವು ವೋಲ್ಟೇಜ್ ಮುಟ್ಟಿಯೇ ಇಲ್ಲ, ಆದರೂ ಖಾಲಿ ಕೂತಾಗ ಬೀಳುತ್ತಿದೆ, ಪವರ್ ಸಪ್ಲೈಯೂ ಹಳೆಯದು ಅಂದರೆ, ಎಎಂಡಿ ರೈಜನ್ ಬೋರ್ಡುಗಳ ಬಯೋಸಿನಲ್ಲಿ "ಪವರ್ ಸಪ್ಲೈ ಐಡಲ್ ಕಂಟ್ರೋಲ್" ಅಂತ ಇರುತ್ತದೆ. ಅದನ್ನು "ಟಿಪಿಕಲ್ ಕರೆಂಟ್ ಐಡಲ್"ಗೆ ಬದಲಿಸಿ ಒಂದೆರಡು ದಿನ ನೋಡಿ.

ಕಥೆ ಮುಗಿಯಿತು ಅಂದುಕೊಂಡೆ. ಇಲ್ಲ. ಒಂದು ವಾರ ಬಿಟ್ಟು ವಿಡಿಯೋ ಎಕ್ಸ್‌ಪೋರ್ಟ್ ಮಾಡುವಾಗ ನೀಲಿ ಪರದೆ. ಎರಡು ದಿನ ಬಿಟ್ಟು ಇನ್ನೊಂದು, ಕೋಡ್ ಬೇರೆ. ಈ ಸಲ ನೋಟ್‌ಬುಕ್ ಇತ್ತು, ತಲೆ ಕೆಡಿಸಿಕೊಳ್ಳಲಿಲ್ಲ. ನೇರ ರ‍್ಯಾಮ್ ಕಡೆ ಹೋದೆ.

"ರ‍್ಯಾಮ್ ಹಳೆಯದೇ, ಇಷ್ಟು ದಿನ ಚೆನ್ನಾಗೇ ಇತ್ತಲ್ಲ" ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ಪ್ರೊಸೆಸರ್ ಬದಲಿಸಿದಿರಿ ಅಂದರೆ ಅದನ್ನೂ ಬದಲಿಸಿದಿರಿ. ರ‍್ಯಾಮ್ ಪೆಟ್ಟಿಗೆ ಮೇಲೆ ಬರೆದ ವೇಗ ಹೆಚ್ಚಾಗಿ ಎಕ್ಸ್‌ಎಂಪಿ ಪ್ರೊಫೈಲಿನ (ತಯಾರಕರು ಕಡ್ಡಿಯಲ್ಲೇ ಬರೆದಿಟ್ಟ ಸೆಟ್ಟಿಂಗಿನ) ವೇಗ, ಅದು ಓವರ್‌ಕ್ಲಾಕೇ, ಅಂದರೆ ಮಾಮೂಲಿ ಮಿತಿ ಮೀರಿದ ವೇಗ. ನನ್ನ ಬಳಿ ಇದ್ದದ್ದು 8 ಜಿಬಿಯ ನಾಲ್ಕು ಕಡ್ಡಿ, ಡಿಡಿಆರ್4 ಬಗೆಯದು, ವೇಗ 3600. ನಾಲ್ಕು ಕಡ್ಡಿ ಅಂದರೆ ಕಂಟ್ರೋಲರಿಗೆ ಎರಡಕ್ಕಿಂತ ಜಾಸ್ತಿ ಹೊರೆ.

ಮೆಮ್‌ಟೆಸ್ಟ್86 ಅನ್ನು ಪೆನ್ ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ನಾಲ್ಕೂ ಸುತ್ತು ಮುಗಿಯಲಿ. ನನಗೆ ಮೊದಲ ಸುತ್ತಿನಲ್ಲಿ ಏನೂ ಕಾಣಲಿಲ್ಲ, ಎರಡನೆಯದರಲ್ಲಿ ಕೆಂಪು ಸಾಲುಗಳು ಬಂದವು. ಒಂದೇ ಒಂದು ತಪ್ಪು ಬಂದರೂ ಅದು ಫೇಲ್. ಎಕ್ಸ್‌ಎಂಪಿ ತೆಗೆದು ಮತ್ತೆ ಓಡಿಸಿ. ತಪ್ಪು ನಿಂತರೆ ಕಡ್ಡಿ ಚೆನ್ನಾಗಿದೆ, ವೇಗ ಜಾಸ್ತಿ ಆಗಿದೆ. ನಿಲ್ಲದಿದ್ದರೆ ಒಂದೊಂದೇ ಕಡ್ಡಿಯನ್ನು ಒಂದೇ ಸ್ಲಾಟಿನಲ್ಲಿಟ್ಟು ನೋಡಿ. ನಾನು 3200ಕ್ಕೆ ಇಳಿಸಿದೆ, ನಾಲ್ಕು ಸುತ್ತೂ ಚೊಕ್ಕವಾಗಿ ಮುಗಿದವು. ಎಕ್ಸ್‌ಪೋರ್ಟ್ ಸಮಯದಲ್ಲಿ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಕೂಲರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಡಿಯ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ್ದೀರಾ, ನೋಡಿ. ಪಿನ್‌ಗಳು ಬೋರ್ಡಿನ ಮೇಲೇ ಇರುವ ಸಾಕೆಟ್‌ಗಳಲ್ಲಿ ಒಂದು ಕಡೆ ಒತ್ತಡ ಜಾಸ್ತಿಯಾದರೆ ರ‍್ಯಾಮ್ ಚಾನೆಲ್ಲೇ ಕಾಣದೆ ಹೋಗಬಹುದು. ಬೋರ್ಡಿನ ಮೇಲ್ಗಡೆ ಮೂಲೆಯ 8 ಪಿನ್ನಿನ ಪವರ್ ಕನೆಕ್ಟರ್ ಪೂರ್ತಿ ಕೂತಿರಬೇಕು.

ನೀವು ಹಾಕಿದ್ದು ಇಂಟೆಲ್ 13 ಅಥವಾ 14ನೇ ತಲೆಮಾರಿನ ದೊಡ್ಡ ಚಿಪ್ ಆಗಿದ್ದರೆ ಬಯೋಸ್ ಅಪ್‌ಡೇಟನ್ನು ಇವತ್ತೇ ಮಾಡಿ. ಆ ಚಿಪ್‌ಗಳು ಕೆಲವು ಸಂದರ್ಭದಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಕೇಳಿ ನಿಧಾನವಾಗಿ ಸವೆಯುತ್ತಿದ್ದವು ಅಂತ ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸೂಚನೆಗಳು) ತಿದ್ದಿತು, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ತಿದ್ದುಪಡಿ ಮುಂದಿನ ಸವೆತ ತಡೆಯುತ್ತದೆ, ಆಗಿಹೋದದ್ದನ್ನು ವಾಪಸ್ ತರುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನಲ್ಲಿ ಬೇಕಾದಷ್ಟು ಮೆಮೊರಿ ಇದ್ದರೂ ಗೇಮ್ "ವಿಡಿಯೋ ಮೆಮೊರಿ ಸಾಲದು" ಅನ್ನುತ್ತಿದ್ದರೆ ಅದು ಆ ಸವೆತದ ಹೆಸರುವಾಸಿ ಲಕ್ಷಣ.

ಬಯೋಸ್ ಡೀಫಾಲ್ಟ್, ಎಕ್ಸ್‌ಎಂಪಿ ಇಲ್ಲ, ಎರಡೇ ಕಡ್ಡಿ, ಬಿಸಿ ಹಿಡಿತದಲ್ಲಿ. ಇಷ್ಟಾದರೂ ಬೀಳುತ್ತಿದ್ದರೆ ಹಳೆಯ ಪ್ರೊಸೆಸರನ್ನು ಮತ್ತೆ ಹಾಕಿ, ಇದೇ ಸೆಟ್ಟಿಂಗಿನಲ್ಲಿ ಓಡಿಸಿ. ಅದು ಗಟ್ಟಿಯಾಗಿ ನಿಂತು ಹೊಸದು ಮಾತ್ರ ಬೀಳುತ್ತದೆ ಅಂದರೆ ಆಗ ವಾರಂಟಿ ಕೇಳಿ, ನೋಟ್‌ಬುಕ್ಕಿನ ಪುಟಗಳ ಫೋಟೋ ಸಮೇತ. ಅದಕ್ಕೇ ಹಳೆಯದನ್ನು ಕೂಡಲೇ ಮಾರಬೇಡಿ, ಒಂದು ತಿಂಗಳಾದರೂ ಇಟ್ಟುಕೊಳ್ಳಿ. ಎಎಂಡಿಯ ಎಎಂ4 ಸಾಕೆಟ್ಟಿನಿಂದ (ಇದರಲ್ಲಿ ಪಿನ್ ಪ್ರೊಸೆಸರಿನ ಅಡಿಯಲ್ಲಿರುತ್ತವೆ) ತೆಗೆಯುವಾಗ ಮೊದಲು ಸ್ವಲ್ಪ ಹೊತ್ತು ಕಂಪ್ಯೂಟರ್ ಓಡಿಸಿ, ಕೂಲರಿಗೂ ಪ್ರೊಸೆಸರಿಗೂ ನಡುವಿನ ಪೇಸ್ಟ್ ಬಿಸಿಯಾಗಲಿ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ ಎತ್ತಿ. ನೇರ ಎಳೆದರೆ ಪ್ರೊಸೆಸರೂ ಅದಕ್ಕೇ ಅಂಟಿಕೊಂಡು ಎದ್ದು ಬರಬಹುದು, ಪಿನ್ ಬಾಗಿಸಿಕೊಂಡು.